ಮೂತ್ರಪಿಂಡದ ಮೇಲೊಂದು ಮೂಳೆ

ಒಂದು ಇಲಿಯ ಮೂಳೆಯೊಳಗಿನ ಮಜ್ಜೆಯನ್ನು ಚೂರು ತೆಗೆದು ಇನ್ನೊಂದು ಇಲಿಯ ಮೂತ್ರಪಿಂಡಕ್ಕೆ ಹೊದಿಸಿದ ತೆಳುಪೊರೆಯ ಅಡಿಗೆ ಸೇರಿಸಿದರೆ ಏನಾಗಬೇಕು? ಮಜ್ಜೆ ಕರಗಿ ಹೋಗಬೇಕು, ಇಲ್ಲವೇ ಗಾಯದ ಕಲೆಯಾಗಿ ಉಳಿಯಬೇಕು. 1960ರ ದಶಕದಲ್ಲಿ ಮಾಸ್ಕೊದ ಪ್ರಯೋಗಾಲಯವೊಂದರಲ್ಲಿ ಹಾಗಾಗಲಿಲ್ಲ. ವಾರಗಳು ಕಳೆದ ಮೇಲೆ ನೋಡಿದರೆ ಮೂತ್ರಪಿಂಡದ ಮೇಲೆ ಪುಟ್ಟದೊಂದು ಮೂಳೆ ಬೆಳೆದಿತ್ತು. ಹೊರಗೆ ಗಟ್ಟಿ ಕವಚ, ಒಳಗೆ ಕೆಂಪು ಮಜ್ಜೆ, ಆ ಮಜ್ಜೆಯಲ್ಲಿ ರಕ್ತಕಣಗಳ ತಯಾರಿ ನಡೆದಿತ್ತು. ಯಾವುದು ಯಾರದ್ದು ಎಂದು ಪರೀಕ್ಷಿಸಿದಾಗ ಇನ್ನೂ ಸೋಜಿಗ. ಮೂಳೆ ಮಜ್ಜೆ ಕೊಟ್ಟ ಇಲಿಯದು, ಒಳಗಿನ ರಕ್ತ ಪಡೆದ ಇಲಿಯದು. ಮನೆ ಕಟ್ಟಿದವರು ವಲಸೆ ಬಂದವರು, ಒಳಗೆ ಸಂಸಾರ ಹೂಡಿದವರು ಊರಿನವರು.

ಈ ಪ್ರಯೋಗದ ಹಿಂದಿದ್ದವರು ಅಲೆಕ್ಸಾಂಡರ್ ಫ್ರೀಡೆನ್‌ಸ್ಟೈನ್. 1924ರಲ್ಲಿ ಕೀವ್‌ನಲ್ಲಿ ಹುಟ್ಟಿ, ಮಾಸ್ಕೊದ ಗಮಲೆಯಾ ಸಂಸ್ಥೆಯಲ್ಲಿ ದುಡಿದವರು. ಆ ಸಂಸ್ಥೆಯ ಹೆಸರು ನಮಗೆ ಹೊಸದಲ್ಲ. ಕೋವಿಡ್ ಕಾಲದಲ್ಲಿ ಭಾರತಕ್ಕೂ ಬಂದ ಸ್ಪುಟ್ನಿಕ್ ಲಸಿಕೆ ತಯಾರಾದದ್ದು ಅಲ್ಲೇ. ಲಸಿಕೆಯ ಹೆಸರು ಮನೆಮಾತಾಯಿತು, ಫ್ರೀಡೆನ್‌ಸ್ಟೈನ್ ಮಾತ್ರ ಪರಿಣತರ ಪುಸ್ತಕಗಳಲ್ಲೇ ಉಳಿದರು. ‘ಮಂಡಿ ನೋವೇ? ಆಪರೇಷನ್ ಬೇಡ, ಸ್ಟೆಮ್ ಸೆಲ್ ಸಾಕು’ ಎಂಬ ಜಾಹೀರಾತು ಕಂಡಾಗಲೆಲ್ಲ ನನಗೆ ಅವರ ನೆನಪಾಗುತ್ತದೆ, ಜೊತೆಗೆ ಸ್ವಲ್ಪ ಸಿಟ್ಟೂ ಬರುತ್ತದೆ. ಈ ವ್ಯಾಪಾರದ ಬಂಡವಾಳವೆಲ್ಲ ಅವರದು. ಅವರು ಪಾಲಿಸಿದ ಶಿಸ್ತು ಮಾತ್ರ ಯಾರಿಗೂ ಬೇಕಾಗಿಲ್ಲ.

ಮಜ್ಜೆಗೆ ಮೂಳೆ ಬೆಳೆಸುವ ಗುಣವಿದೆ ಎಂಬ ಗುಮಾನಿ ಹಳೆಯದು. ಫ್ರಾನ್ಸಿನ ಗುಜೋನ್ 1869ರಲ್ಲೇ ಪ್ರಾಣಿಗಳ ಮಜ್ಜೆಯನ್ನು ಮೂಳೆಯಿಲ್ಲದ ಜಾಗಕ್ಕೆ ನಾಟಿ ಮಾಡಿ, ಅಲ್ಲಿ ಮೂಳೆ ಕಾಣಿಸಿಕೊಂಡಿದ್ದನ್ನು ದಾಖಲಿಸಿದ್ದರು. ಫ್ರೀಡೆನ್‌ಸ್ಟೈನ್ ಈ ದಾರಿಗೆ ಬಂದದ್ದು ವಿಚಿತ್ರ ಜಾಗದಿಂದ. ಮೂತ್ರಕೋಶದ ಒಳಪದರವನ್ನು ಕಿತ್ತು ಸ್ನಾಯುವಿನಲ್ಲಿಟ್ಟರೆ ಸುತ್ತ ಮೂಳೆ ಏಳುತ್ತದೆ ಎಂಬ ಒಗಟಿನ ಬೆನ್ನು ಹತ್ತಿದ್ದರು. ಹಾಗಾದರೆ ಯಾವ ಪ್ರಚೋದನೆಯೂ ಇಲ್ಲದೆ, ತಾನಾಗಿಯೇ ಮೂಳೆ ಕಟ್ಟುವ ಕೋಶ ದೇಹದಲ್ಲಿ ಎಲ್ಲಿದೆ ಎಂಬುದು ಮುಂದಿನ ಪ್ರಶ್ನೆ. ಉತ್ತರ ಮಜ್ಜೆಯಲ್ಲಿ ಸಿಕ್ಕಿತು.

ಆದರೆ ಮಜ್ಜೆಯೆಂದರೆ ಲಕ್ಷಾಂತರ ಕೋಶಗಳ ಗುಂಪು. ಅದರಲ್ಲಿ ಕೆಲಸಗಾರ ಯಾರು? 1970ರಲ್ಲಿ ಫ್ರೀಡೆನ್‌ಸ್ಟೈನ್, ಚೈಲಖ್ಯಾನ್ ಮತ್ತು ಲಲಿಕಿನಾ ಪ್ರಕಟಿಸಿದ ಪ್ರಬಂಧದಲ್ಲಿದ್ದ ಉಪಾಯ ಎಷ್ಟು ಸರಳವೆಂದರೆ ಓದಿದರೆ ನಗು ಬರುತ್ತದೆ. ಗಿನಿಪಿಗ್‌ನ ಮಜ್ಜೆಯನ್ನು ತಟ್ಟೆಯಲ್ಲಿ ಹರಡಿದರು. ರಕ್ತದ ಕೋಶಗಳು ದ್ರವದಲ್ಲಿ ತೇಲುತ್ತಿದ್ದವು, ಕೆಲವೇ ಕೋಶಗಳು ತಳಕ್ಕೆ ಅಂಟಿಕೊಂಡವು. ತೇಲುವುದನ್ನು ತೊಳೆದು ಚೆಲ್ಲಿದರು. ಅಂಟಿಕೊಂಡ ಒಂದೊಂದು ಕೋಶವೂ ದಿನ ಕಳೆದಂತೆ ತನ್ನದೇ ಒಂದು ಗುಂಪು ಬೆಳೆಸಿತು. ಆ ಗುಂಪುಗಳನ್ನು ಎಣಿಸಿದರೆ ಮೂಲ ಮಜ್ಜೆಯಲ್ಲಿ ಎಷ್ಟು ಕೆಲಸಗಾರರಿದ್ದರು ಎಂಬ ಲೆಕ್ಕ ಸಿಗುತ್ತದೆ. ಹತ್ತು ಸಾವಿರದಲ್ಲೊಂದು, ಕೆಲವೊಮ್ಮೆ ಲಕ್ಷದಲ್ಲೊಂದು. ಅಷ್ಟಕ್ಕೇ ಅವರು ನಿಲ್ಲಲಿಲ್ಲ. ಒಂದೇ ಕೋಶದಿಂದ ಬೆಳೆದ ಗುಂಪನ್ನು ಮತ್ತೆ ಪ್ರಾಣಿಯ ದೇಹಕ್ಕೆ ನಾಟಿ ಮಾಡಿ, ಮೂಳೆ ಬರುತ್ತದೋ ಇಲ್ಲವೋ ನೋಡಿದರು. ಕೆಲವು ಗುಂಪು ಮೂಳೆ ಕೊಟ್ಟವು, ಹಲವು ಕೊಡಲಿಲ್ಲ. ತಟ್ಟೆಗೆ ಅಂಟಿದ್ದೆಲ್ಲ ಸ್ಟೆಮ್ ಸೆಲ್ ಅಲ್ಲ ಎಂಬ ಪಾಠ ಅಲ್ಲೇ ಇತ್ತು. ಆಕ್ಸ್‌ಫರ್ಡ್‌ನ ಮೌರೀನ್ ಓವನ್ ಜೊತೆಗೂಡಿ ಅವರು 1980ರ ದಶಕದಲ್ಲಿ ಇದನ್ನೆಲ್ಲ ಇಂಗ್ಲಿಷ್ ಓದುಗರ ಮುಂದಿಟ್ಟರು.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. ಅದೇ 1960ರ ದಶಕದಲ್ಲಿ ನಮ್ಮ ಕರಾವಳಿಯಿಂದ ಹೋದ ಶಸ್ತ್ರವೈದ್ಯ ಕಟೀಲು ನರಸಿಂಹ ಉಡುಪರು ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಮಂಗರಬಳ್ಳಿಯನ್ನು ಪರೀಕ್ಷೆಗಿಟ್ಟಿದ್ದರು. ಆಯುರ್ವೇದ ‘ಅಸ್ಥಿಸಂಹಾರ’ ಎಂದು ಕರೆಯುವ, ಗಂಟು ಗಂಟಾಗಿ ಚೌಕದ ಕಾಂಡವಿರುವ ಬಳ್ಳಿ. ಮುರಿದ ಮೂಳೆಗೆ ಹಳ್ಳಿಯ ನಾಟಿ ವೈದ್ಯರು ಇದನ್ನು ಅರೆದು ಕಟ್ಟುತ್ತಾರೆ. ಉಡುಪರು ಮತ್ತು ಅವರ ಸಹೋದ್ಯೋಗಿ ಪ್ರಸಾದ್ ಆ ನಂಬಿಕೆಯನ್ನು ಹೊಗಳಲೂ ಇಲ್ಲ, ಹಳಿಯಲೂ ಇಲ್ಲ. ಕೂಡಿಕೊಂಡ ಮೂಳೆ ಎಷ್ಟು ಭಾರ ತಡೆಯುತ್ತದೆ ಎಂದು ಅಳೆದರು, ವಿಕಿರಣ ಸೂಸುವ ಕ್ಯಾಲ್ಸಿಯಂ ಬಳಸಿ ಮುರಿದ ಜಾಗಕ್ಕೆ ಸುಣ್ಣ ಎಷ್ಟು ಬೇಗ ಸೇರುತ್ತದೆ ಎಂದು ಲೆಕ್ಕ ಹಾಕಿದರು. ಮಾಸ್ಕೊದವರಿಗೂ ಬನಾರಸ್‌ನವರಿಗೂ ಪರಿಚಯವಿತ್ತು ಎಂದು ನಾನು ಹೇಳುತ್ತಿಲ್ಲ. ಮೂಳೆಯ ವಿಷಯದಲ್ಲಿ ಅಳೆದು ಮಾತಾಡುವ ಗುಣ ಆ ಕಾಲದಲ್ಲಿ ಇಬ್ಬರಿಗೂ ಸಹಜವಾಗಿತ್ತು ಎಂದಷ್ಟೇ.

ಈ ಗುಣ ರೋಗಿಗೆ ಉಪಯೋಗಕ್ಕೆ ಬಂದ ಉದಾಹರಣೆ ಪ್ಯಾರಿಸ್ ಪಕ್ಕದ ಕ್ರೆತೈಯಲ್ಲಿದೆ. ಮುರಿದ ಮೂಳೆ ಸಾಮಾನ್ಯವಾಗಿ ತಾನೇ ಕೂಡಿಕೊಳ್ಳುತ್ತದೆ. ಮುರಿದಲ್ಲಿ ರಕ್ತ ಹೆಪ್ಪುಗಟ್ಟಿ, ಅದರೊಳಗೆ ಮೊದಲು ಮೆತ್ತನೆಯ ಗಂಟು, ಆಮೇಲೆ ಗಟ್ಟಿ ಮೂಳೆ ಬೆಳೆಯುತ್ತದೆ. ಮೊಣಕಾಲಿನ ಕೆಳಗಿನ ದೊಡ್ಡ ಮೂಳೆಯಲ್ಲಿ ಮಾತ್ರ ಇದು ಹಲವರಿಗೆ ಕೈಕೊಡುತ್ತದೆ. ಅದರ ಮುಂಭಾಗಕ್ಕೆ ಮಾಂಸದ ಹೊದಿಕೆಯಿಲ್ಲ, ಕೆಳಗಿನ ಭಾಗಕ್ಕೆ ರಕ್ತ ಸರಬರಾಜೂ ಕಡಿಮೆ. ಬೈಕಿನಿಂದ ಬಿದ್ದು ಚರ್ಮ ಹರಿದಿದ್ದರೆ, ಬೀಡಿ ಸಿಗರೇಟಿನ ಚಟವಿದ್ದರೆ, ಸಕ್ಕರೆ ಕಾಯಿಲೆ ಅಥವಾ ಸೋಂಕು ಸೇರಿಕೊಂಡರೆ ಇನ್ನೂ ಕಷ್ಟ. ರಾಡ್ ಹಾಕಿ ಒಂಬತ್ತು ತಿಂಗಳಾದರೂ ಎಕ್ಸ್‌ರೇಯಲ್ಲಿ ಬಿರುಕು ಹಾಗೇ ಇರುತ್ತದೆ. ‘ಇನ್ನೂ ಕೂಡಿಲ್ಲ’ ಎಂಬ ಡಾಕ್ಟರ ಮಾತು ಕೇಳಿ ಕೆಲಸ ಕಳೆದುಕೊಂಡವರು ನಮ್ಮ ನಡುವೆ ಬೇಕಾದಷ್ಟಿದ್ದಾರೆ. ಸೊಂಟದ ಮೂಳೆಯನ್ನು ಕೊಯ್ದು ತುಂಡು ತೆಗೆದು ಮುರಿದ ಜಾಗದಲ್ಲಿಡುವುದು ಹಳೆಯ ಪರಿಹಾರ. ಕೂಡುವುದೇನೋ ಕೂಡುತ್ತದೆ, ಸೊಂಟದ ನೋವು ಉಳಿಯುತ್ತದೆ.

ಮೂಳೆಯನ್ನು ಕೊಯ್ಯದೆ ಮಜ್ಜೆಯನ್ನಷ್ಟೇ ಸೂಜಿಯಲ್ಲಿ ಎಳೆದು ಚುಚ್ಚಿದರೆ ಹೇಗೆ ಎಂದು ಅಮೆರಿಕದ ಜಾನ್ ಕನಾಲಿ 1980ರ ದಶಕದಲ್ಲೇ ನೋಡಿದ್ದರು. ಕ್ರೆತೈಯ ಆನ್ರಿ ಮೊಂದೋರ್ ಆಸ್ಪತ್ರೆಯ ಫಿಲಿಪ್ ಎರ್ನಿಗು ಅದಕ್ಕೆ ಲೆಕ್ಕ ಸೇರಿಸಿದರು. ಸೊಂಟದ ಎರಡೂ ಬದಿಯಿಂದ ಸುಮಾರು 300 ಮಿಲಿಲೀಟರ್ ಮಜ್ಜೆ ತೆಗೆದು, ಯಂತ್ರದಲ್ಲಿ ತಿರುಗಿಸಿ 50ಕ್ಕೆ ಇಳಿಸಿ, ಅದರಲ್ಲಿ 20 ಮಿಲಿಲೀಟರನ್ನು ಕೂಡದ ಮೂಳೆಗೆ ಚುಚ್ಚಿದರು. ಚುಚ್ಚಿದ್ದರಲ್ಲಿ ಸ್ವಲ್ಪವನ್ನು ಮಾಸ್ಕೊ ವಿಧಾನದಲ್ಲಿ ತಟ್ಟೆಗೆ ಹಾಕಿ ಗುಂಪುಗಳನ್ನು ಎಣಿಸಿದರು. 2005ರಲ್ಲಿ ಪ್ರಕಟವಾದ ಫಲಿತಾಂಶ ಇದು: 60 ರೋಗಿಗಳಲ್ಲಿ 53 ಮಂದಿಯ ಮೂಳೆ ಕೂಡಿತು, ಏಳು ಮಂದಿಯದು ಕೂಡಲಿಲ್ಲ. ಆ ಏಳು ಮಂದಿಗೆ ಹೋದ ಮಜ್ಜೆಯಲ್ಲಿ ಕೆಲಸಗಾರ ಕೋಶಗಳ ಸಂಖ್ಯೆ ಉಳಿದವರಿಗಿಂತ ಸ್ಪಷ್ಟವಾಗಿ ಕಡಿಮೆಯಿತ್ತು. ಹೋಲಿಸಿ ನೋಡಲು ಮಜ್ಜೆ ಚುಚ್ಚಿಸಿಕೊಳ್ಳದ ಇನ್ನೊಂದು ತಂಡ ಇರಲಿಲ್ಲ ಎಂಬುದು ಅದರ ಕೊರತೆ. ಆದರೂ ಯಾಕೆ ಗೆದ್ದಿತು, ಯಾಕೆ ಸೋತಿತು ಎಂಬುದಕ್ಕೆ ಅಲ್ಲಿ ಒಂದು ಎಣಿಕೆಯಾದರೂ ಇದೆ.

ಅದಕ್ಕೂ ಮೊದಲೇ ಬೇರೊಂದು ಕಡೆ ವ್ಯಾಪಾರದ ಬಾಗಿಲು ತೆರೆದಿತ್ತು. ಕ್ಲೀವ್‌ಲ್ಯಾಂಡ್‌ನ ಅರ್ನಾಲ್ಡ್ ಕ್ಯಾಪ್ಲನ್ 1991ರಲ್ಲಿ ಈ ಕೋಶಗಳಿಗೆ ‘ಮೆಸೆಂಕೈಮಲ್ ಸ್ಟೆಮ್ ಸೆಲ್’ ಎಂಬ ಹೆಸರು ಚಾಲ್ತಿಗೆ ತಂದರು. ಮೂಳೆ, ಮೃದ್ವಸ್ಥಿ, ಸ್ನಾಯು, ಕೊಬ್ಬು ಎಲ್ಲವೂ ಇದರಿಂದಲೇ ಆಗಬಹುದು ಎಂಬ ವಾದ ಹಬ್ಬಿತು. ಬೇಗನೇ ಕಂಪನಿಗಳು ಹುಟ್ಟಿದವು. ಕೊಬ್ಬಿನಲ್ಲಿ, ಹೊಕ್ಕುಳಬಳ್ಳಿಯಲ್ಲಿ, ಹಲ್ಲಿನ ತಿರುಳಿನಲ್ಲಿ, ತಟ್ಟೆಗೆ ಅಂಟಿದ ಎಲ್ಲ ಕಡೆಯೂ ಅದೇ ಕೋಶ ‘ಸಿಕ್ಕಿತು’. ಮೂತ್ರಪಿಂಡದ ಮೇಲೆ ಮೂಳೆ ಬೆಳೆಸಿ ತೋರಿಸಿ ಎಂದು ಕೇಳುವವರು ಕಡಿಮೆಯಾದರು.

ಕೇಳಿದವರಲ್ಲಿ ನನಗೆ ಅಚ್ಚುಮೆಚ್ಚು ರೋಮ್‌ನ ಪಾವ್ಲೊ ಬಿಯಾಂಕೊ. ಅಮೆರಿಕದ ಪಮೇಲಾ ರೋಬಿ ಜೊತೆ ವರ್ಷಗಟ್ಟಲೆ ಅವರು ಹೇಳಿದ್ದು ಒಂದೇ ಮಾತು: ನಾಟಿ ಮಾಡಿದಾಗ ಮೂಳೆಯನ್ನೂ, ಒಳಗೆ ರಕ್ತ ತಯಾರಾಗುವ ಜಾಗವನ್ನೂ ಕಟ್ಟುವ ಕೋಶವನ್ನಷ್ಟೇ ಮೂಳೆಯ ಸ್ಟೆಮ್ ಸೆಲ್ ಎನ್ನಿ. 2007ರಲ್ಲಿ ಅವರ ತಂಡ ಮನುಷ್ಯನ ಮಜ್ಜೆಯಲ್ಲಿ ಅಂಥ ಕೋಶಗಳನ್ನು ಗುರುತಿಸಿ ತೋರಿಸಿತು. ಜಗಳಕ್ಕೆ ಹೆದರುವ ಆಸಾಮಿಯಲ್ಲ. ಇಟಲಿಯಲ್ಲಿ ದಾವಿದೆ ವನ್ನೋನಿ ಎಂಬ, ವೈದ್ಯರೇ ಅಲ್ಲದ ವ್ಯಕ್ತಿ ‘ಸ್ತಾಮಿನಾ’ ಹೆಸರಿನಲ್ಲಿ ಮಜ್ಜೆಯ ಕೋಶಗಳಿಂದ ಮಕ್ಕಳ ನರರೋಗ ಗುಣಪಡಿಸುವುದಾಗಿ ಹೊರಟಾಗ ದೇಶವೇ ಎರಡಾಯಿತು. ಟೀವಿಯವರು ಅಳುವ ತಾಯಂದಿರನ್ನು ತೋರಿಸಿದರು, ಜನ ಬೀದಿಗಿಳಿದರು, 2013ರಲ್ಲಿ ಸಂಸತ್ತು 30 ಲಕ್ಷ ಯೂರೊ ಕೊಟ್ಟು ಪ್ರಯೋಗ ನಡೆಸಿ ಎಂದಿತು. ಬಿಯಾಂಕೊ, ಎಲೆನಾ ಕತ್ತಾನೆಯೊ ಮತ್ತು ಮಿಕೆಲೆ ದೆ ಲೂಕಾ ಎದುರು ನಿಂತು, ಇದರಲ್ಲಿ ವಿಜ್ಞಾನವಿಲ್ಲ ಎಂದು ಪಟ್ಟುಹಿಡಿದರು. ಕರುಣೆಯಿಲ್ಲದವರು ಎಂಬ ಬೈಗುಳ ಅವರ ಪಾಲಿಗೆ ಬಂತು. ತಜ್ಞರ ಸಮಿತಿ ಕೊನೆಗೆ ಇವರ ಮಾತನ್ನೇ ಎತ್ತಿಹಿಡಿಯಿತು, ಪ್ರಯೋಗ ನಿಂತಿತು. 2015ರಲ್ಲಿ ಬಿಯಾಂಕೊ ತೀರಿಕೊಂಡರು. 2017ರಲ್ಲಿ ಸ್ವತಃ ಕ್ಯಾಪ್ಲನ್ ತಾವು ಹಬ್ಬಿಸಿದ ಹೆಸರನ್ನು ಕೈಬಿಡಬೇಕೆಂದು ಬರೆದರು. ಈ ಕೋಶಗಳು ದೇಹದಲ್ಲಿ ಹೊಸ ಅಂಗಾಂಶವಾಗಿ ಬದಲಾಗುವುದಿಲ್ಲ, ಒಸರಿಸುವ ರಸಗಳಿಂದ ಸುತ್ತಲಿನ ಕೋಶಗಳಿಗೆ ಸಹಾಯ ಮಾಡುತ್ತವೆ ಅಷ್ಟೇ ಎಂಬುದು ಅವರ ಹೊಸ ನಿಲುವು. ಅಷ್ಟರಲ್ಲಿ ಬೋರ್ಡುಗಳೆಲ್ಲ ಬರೆದಾಗಿತ್ತು.

ಆ ಬೋರ್ಡುಗಳಲ್ಲಿ ಹೆಚ್ಚಿನವು ಮಂಡಿಯ ಹೆಸರಿನಲ್ಲಿವೆ. ಮಂಡಿಯ ಕಥೆ ಮುರಿದ ಮೂಳೆಯ ಕಥೆಯಲ್ಲ. ಮೂಳೆಗೆ ರಕ್ತನಾಳವಿದೆ, ತಾನೇ ಕೂಡುವ ಚಾಳಿಯಿದೆ. ಕೀಲಿನ ತುದಿಗೆ ಹೊದಿಸಿದ ಮೃದ್ವಸ್ಥಿಗೆ ರಕ್ತನಾಳವೂ ಇಲ್ಲ, ನರವೂ ಇಲ್ಲ. ಅದು ಹಾಳಾದರೆ ಮತ್ತೆ ಸರಿಹೋಗುವುದಿಲ್ಲ ಎಂದು ಲಂಡನ್ನಿನ ವಿಲಿಯಂ ಹಂಟರ್ 1743ರಲ್ಲೇ ಗುರುತಿಸಿದ್ದರು. ಅಲ್ಲದೆ ಸವೆದ ಮಂಡಿಯೆಂದರೆ ಕೇವಲ ಮೃದ್ವಸ್ಥಿಯ ಸವೆತವಲ್ಲ, ಊದಿದ ಒಳಪೊರೆ, ಬಾಗಿದ ಕಾಲು, ಗಟ್ಟಿಯಾದ ಅಡಿಮೂಳೆ, ಸೊರಗಿದ ತೊಡೆಯ ಸ್ನಾಯು ಎಲ್ಲ ಸೇರಿದ್ದು. ಒಂದು ಸೂಜಿಯಿಂದ ಇಷ್ಟನ್ನೂ ಸರಿಮಾಡುತ್ತೇವೆ ಎನ್ನುವುದು ದೊಡ್ಡ ಮಾತು.

ಆ ದೊಡ್ಡ ಮಾತನ್ನು ಪರೀಕ್ಷಿಸಿದ ಫಲಿತಾಂಶ 2023ರಲ್ಲಿ ಅಮೆರಿಕದಿಂದ ಬಂತು. ಮಂಡಿ ಸವೆತದ 475 ಜನರಲ್ಲಿ ಕೆಲವರಿಗೆ ಅವರದೇ ಮಜ್ಜೆ, ಕೆಲವರಿಗೆ ಅವರದೇ ಕೊಬ್ಬಿನ ಕೋಶ, ಕೆಲವರಿಗೆ ದಾನಿಗಳ ಹೊಕ್ಕುಳಬಳ್ಳಿಯ ಕೋಶ, ಉಳಿದವರಿಗೆ ಮಾಮೂಲಿ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರು. ವರ್ಷದ ಕೊನೆಗೆ ನೋವಿನ ಲೆಕ್ಕದಲ್ಲಿ ಯಾವ ಕೋಶವೂ ಅಗ್ಗದ ಸ್ಟೀರಾಯ್ಡನ್ನು ಮೀರಿಸಲಿಲ್ಲ. ಅದೇ ವರ್ಷ ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಕಂಪನಿಯ ಪ್ರಯೋಗ ಪ್ರಕಟವಾಯಿತು. ಹಲವು ಆರೋಗ್ಯವಂತ ದಾನಿಗಳ ಮಜ್ಜೆಯಿಂದ ಬೆಳೆಸಿದ ಎರಡೂವರೆ ಕೋಟಿ ಕೋಶಗಳ ಒಂದೇ ಇಂಜೆಕ್ಷನ್. 146 ಜನರಲ್ಲಿ ಹುಸಿ ಔಷಧಿಯ ಜೊತೆ ಹೋಲಿಸಿದಾಗ ಒಂದು ವರ್ಷದ ಹೊತ್ತಿಗೆ ನೋವು, ಬಿಗಿತ ಕಡಿಮೆಯಾಗಿದ್ದವು. ಎಂಆರ್‌ಐ ಪ್ರಕಾರ ಮೃದ್ವಸ್ಥಿ ಇನ್ನಷ್ಟು ಕೆಡದೆ ನಿಂತಿತ್ತು. ಆರಂಭಿಕ, ಮಧ್ಯಮ ಹಂತದ ಸವೆತಕ್ಕೆ ಅದನ್ನು ಬಳಸಲು 2022ರಲ್ಲೇ ಭಾರತದ ಔಷಧ ನಿಯಂತ್ರಕರ ಒಪ್ಪಿಗೆ ಸಿಕ್ಕಿತ್ತು. ಎರಡೂ ಫಲಿತಾಂಶ ಒಂದೇ ಕಡೆ ಬೆರಳು ತೋರುವುದಿಲ್ಲ. ಒಂದು ಸ್ಟೀರಾಯ್ಡ್ ಜೊತೆ ಹೋಲಿಸಿದ್ದು, ಇನ್ನೊಂದು ಹುಸಿ ಔಷಧಿಯ ಜೊತೆ. ಹೊಸ ಮೃದ್ವಸ್ಥಿ ಬೆಳೆಯುತ್ತದೆ ಎಂದು ಮಾತ್ರ ಎರಡೂ ಹೇಳಲಿಲ್ಲ.

ಬೀದಿಯ ಕ್ಲಿನಿಕ್ಕುಗಳು ಅದನ್ನೂ ಹೇಳುತ್ತವೆ. ನಮ್ಮ ಅತ್ತೆಗೆ ಎರಡೂ ಮಂಡಿ ಸವೆದಿವೆ. ಅಂಥ ಒಂದು ಕಡೆ ‘ಹೊಟ್ಟೆಯ ಕೊಬ್ಬು ತೆಗೆದು ಚುಚ್ಚುತ್ತೇವೆ, ನಿಮ್ಮದೇ ಸ್ಟೆಮ್ ಸೆಲ್, ಅಪಾಯವೇ ಇಲ್ಲ’ ಎಂದು ನಂಬಿಸಲು ನೋಡಿ, ಎರಡು ಮಂಡಿಗೆ ಎರಡು ದರ ಹೇಳಿದರು. ಎಷ್ಟು ಕೋಶ ಚುಚ್ಚುತ್ತೀರಿ ಎಂದು ಕೇಳಿದರೆ, ‘ಅದೆಲ್ಲ ಟೆಕ್ನಿಕಲ್ ಅಮ್ಮಾ’ ಎಂದರಂತೆ. ‘ನಿಮ್ಮದೇ ಕೋಶ’ ಎಂಬ ವಾದವೂ ಹಳೆಯದೇ. ಕೊಲರಾಡೊದ ಕಂಪನಿಯೊಂದು ರೋಗಿಯ ಮಜ್ಜೆಯ ಕೋಶಗಳನ್ನು ಬೆಳೆಸಿ ಅವರ ಕೀಲಿಗೇ ಚುಚ್ಚುತ್ತಿತ್ತು. ಇದು ವೈದ್ಯರ ಕಸುಬು, ಔಷಧಿಯಲ್ಲ, ಸರ್ಕಾರಕ್ಕೇನು ಕೆಲಸ ಎಂಬುದು ಅದರ ವಾದ. 2014ರಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ಒಪ್ಪಲಿಲ್ಲ. ಹೊರಗೆ ತೆಗೆದು, ಬೆಳೆಸಿ, ಬೆರೆಸಿ ಕೊಟ್ಟರೆ ಅದು ಔಷಧಿಯೇ, ಪರೀಕ್ಷೆ ತಪ್ಪಿದ್ದಲ್ಲ ಎಂದಿತು. ನಮ್ಮ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿಯೂ ರಕ್ತಸಂಬಂಧಿ ಕಾಯಿಲೆಗಳಿಗೆ ಮಾಡುವ ಮಜ್ಜೆ ಕಸಿ ಬಿಟ್ಟರೆ ಉಳಿದ ಸ್ಟೆಮ್ ಸೆಲ್ ಚಿಕಿತ್ಸೆಯನ್ನು ನೋಂದಾಯಿತ ಪ್ರಯೋಗದಲ್ಲಷ್ಟೇ ನಡೆಸಬೇಕು ಎನ್ನುತ್ತದೆ. ಪ್ರಯೋಗವೆಂದ ಮೇಲೆ ರೋಗಿಯಿಂದ ದುಡ್ಡು ವಸೂಲಿ ಮಾಡುವಂತಿಲ್ಲ.

ಹಾಗಾಗಿ ಮಂಡಿ ಹಿಡಿದು ಕೂತವರು, ಮೂಳೆ ಕೂಡದೆ ಕೋಲು ಹಿಡಿದವರು ಕೇಳಬೇಕಾದ ಪ್ರಶ್ನೆಗಳಿಗೆ ಡಾಕ್ಟರಿಕೆ ಓದಿರಬೇಕಿಲ್ಲ. ಕೋಶ ಎಲ್ಲಿಂದ ಬಂತು? ಎಷ್ಟು ಹಾಕುತ್ತೀರಿ, ಎಣಿಸಿದವರು ಯಾರು? ಯಾವುದರ ಜೊತೆ ಹೋಲಿಸಿ ನೋಡಿದ್ದೀರಿ? ಔಷಧ ನಿಯಂತ್ರಕರ ಒಪ್ಪಿಗೆ ಇದೆಯೇ, ಅಥವಾ ಇದು ಪ್ರಯೋಗವೇ? ಪ್ರಯೋಗವಾದರೆ ನನ್ನಿಂದ ದುಡ್ಡು ಯಾಕೆ? ಫ್ರೀಡೆನ್‌ಸ್ಟೈನ್ ಐವತ್ತು ವರ್ಷಗಳ ಹಿಂದೆಯೇ ಎಣಿಸುವುದನ್ನು ಕಲಿಸಿಕೊಟ್ಟಿದ್ದರು, ಎರ್ನಿಗು ಅದನ್ನು ರೋಗಿಯ ಹಾಸಿಗೆಯವರೆಗೆ ತಂದರು. ಇಷ್ಟಾದ ಮೇಲೂ ರೂಪಾಯಿ ಎಣಿಸಲು ಬರುವವರಿಗೆ ಕೋಶ ಎಣಿಸಲು ಬರುವುದಿಲ್ಲ ಎಂದಾದರೆ, ಅತ್ತೆ ಅಂದು ಮಾಡಿದ ಹಾಗೆ ಚೀಲ ಎತ್ತಿಕೊಂಡು ಬಸ್ಸು ಹತ್ತುವುದೇ ಲೇಸು.