ಚೌಕಟ್ಟಿನೊಳಗೆ ಬಂದ ಶಿವಮ್ಮ

ನಮ್ಮವ್ವ ಕಂಪ್ಲಿಯಿಂದ ಬಾಳೆಹಣ್ಣಿನ ಬುಟ್ಟಿ ತಂದು ಹಂಪಿಯ ವಿರೂಪಾಕ್ಷ ಗುಡಿಯ ಮುಂದೆ ಮಾರುತ್ತಿದ್ದಳು. ಶಾಲೆಗೆ ರಜೆ ಇದ್ದಾಗ ನಾನೂ ಜತೆಗೆ ಹೋಗುತ್ತಿದ್ದೆ. ಒಮ್ಮೆ ತೇರಿನ ಬೀದಿಯಲ್ಲಿ ಶೂಟಿಂಗ್ ನಡೆದಿತ್ತು. ಹುಡುಗನೊಬ್ಬ ಓಡಿ ಬಂದು, ‘ಅಮ್ಮಾ, ಆ ಕಡೆ ಸರೀರಿ, ಫ್ರೇಮಿಗೆ ಬರ್ತೀರಿ’ ಅಂದ. ಅವ್ವ ಬುಟ್ಟಿ ಎತ್ತಿಕೊಂಡು ಕಂಬದ ಮರೆಗೆ ಸರಿದಳು. ಕೆಲವು ತಿಂಗಳ ಮೇಲೆ ಹೊಸಪೇಟೆಯ ಟಾಕೀಸಿನಲ್ಲಿ ಆ ಹಾಡು ನೋಡಿದೆವು. ಗೋಪುರವಿತ್ತು, ಬಂಡೆಗಳಿದ್ದವು, ನಾಯಕಿಯ ಸೆರಗು ಗಾಳಿಗೆ ಹಾರುತ್ತಿತ್ತು. ಹಂಪಿಯ ಜನ ಮಾತ್ರ ಒಬ್ಬರೂ ಇರಲಿಲ್ಲ.

ಆ ದಿನ ಮತ್ತೆ ನೆನಪಾದದ್ದು 2024ರ ಜೂನ್‌ನಲ್ಲಿ. ಬೆಂಗಳೂರಿನಲ್ಲಿರುವ ಮಗ ನನ್ನನ್ನು ‘ಶಿವಮ್ಮ’ ಸಿನಿಮಾಕ್ಕೆ ಕರೆದುಕೊಂಡು ಹೋಗಿದ್ದ. ಕಥೆ ನಡೆಯುವುದು, ಚಿತ್ರೀಕರಣವಾದದ್ದು ಎರಡೂ ನಮ್ಮ ನೆರೆಯ ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದಲ್ಲಿ. ಜೈಶಂಕರ್ ಆರ್ಯರ್ ಅವರ ಮೊದಲ ಸಿನಿಮಾ ಇದು. ನಟಿಸಿದವರಲ್ಲಿ ಹೆಚ್ಚಿನವರು ಕ್ಯಾಮೆರಾದ ಮುಂದೆ ನಿಂತು ಅಭ್ಯಾಸವಿಲ್ಲದ ಹಳ್ಳಿಯ ಜನ. ಶಿವಮ್ಮನಾದವರು ಶರಣಮ್ಮ ಚಟ್ಟಿ.

ಶಿವಮ್ಮ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಬೇಯಿಸುವಾಕೆ. ಗಂಡ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದಾನೆ. ಮಗಳ ಮದುವೆಗೆಂದು ಕೂಡಿಟ್ಟ ದುಡ್ಡನ್ನು ಆಕೆ ಶಕ್ತಿ ಕೊಡುತ್ತದೆಂಬ ಪಾನೀಯ ಮಾರುವ ಚೈನ್ ವ್ಯವಹಾರಕ್ಕೆ ಹಾಕುತ್ತಾಳೆ. ಅದನ್ನು ಮಾರಲು ಮನೆ ಮನೆ ತಿರುಗುತ್ತಾಳೆ.

ಕಥೆ ಯಾವಾಗ ಶುರುವಾದೀತೆಂದು ಮೊದಮೊದಲು ನಾನೂ ಕಾದೆ. ಆಕೆ ನಡೆಯುತ್ತಾಳೆ, ಬಾಗಿಲು ತಟ್ಟುತ್ತಾಳೆ, ಬೈಸಿಕೊಳ್ಳುತ್ತಾಳೆ, ಮತ್ತೆ ನಡೆಯುತ್ತಾಳೆ. ಇಲ್ಲಿ ಅಳು ಬಂತು, ಇಲ್ಲಿ ನಗು ಬಂತು ಎಂದು ಹೇಳಿಕೊಡುವವರು ಯಾರೂ ಇಲ್ಲ. ಕಾಯುವುದನ್ನು ಬಿಟ್ಟು ಆಕೆಯ ಕೈ, ಮುಖ, ಹೆಜ್ಜೆ ನೋಡತೊಡಗಿದ ಮೇಲೆ ನನಗೆ ಸಿನಿಮಾ ಸಿಕ್ಕಿತು. ಪ್ರಯೋಗದ ಸಿನಿಮಾ ಎಂದರೆ ಅರ್ಥವಾಗದ ಸಿನಿಮಾ ಎಂದು ಹೆದರುವವರಿಗೆ ನಾನು ಹೇಳುವುದು ಇಷ್ಟೆ: ಸಂತೆಯ ದಿನ ಕಟ್ಟೆಯ ಮೇಲೆ ಕೂತು ಹೋಗಿಬರುವವರನ್ನು ನೋಡುತ್ತೇವಲ್ಲ, ಹಾಗೆ ನೋಡಿ. ಕಥೆ ತಾನಾಗಿ ಕೂಡಿಬರುತ್ತದೆ.

ಇನ್ನೊಂದು ಸಂಗತಿ ನನ್ನನ್ನು ತಟ್ಟಿತು. ನಮ್ಮ ಕಡೆಯ ಮಾತನ್ನು ಸಿನಿಮಾದವರು ಬಹುಕಾಲ ನಗಿಸುವ ಪಾತ್ರಗಳಿಗೇ ಮೀಸಲಿಟ್ಟಿದ್ದರು. ಇಲ್ಲಿ ಅದೇ ಮಾತಿನಲ್ಲಿ ಒಬ್ಬ ಹೆಣ್ಣುಮಗಳು ಸಾಲದ ಲೆಕ್ಕ ಹಾಕುತ್ತಾಳೆ, ಜಗಳ ಕಾಯುತ್ತಾಳೆ, ಹಟ ಹಿಡಿಯುತ್ತಾಳೆ.

ಕನ್ನಡಕ್ಕೆ ಇಂಥ ಪ್ರಯೋಗದ ದಾರಿ ಹೊಸದಲ್ಲ. 1970ರ ‘ಸಂಸ್ಕಾರ’ದಲ್ಲಿ ಪಟ್ಟಾಭಿರಾಮ ರೆಡ್ಡಿ ಅವರು ಗಿರೀಶ ಕಾರ್ನಾಡ, ಪಿ. ಲಂಕೇಶರಂಥ ಲೇಖಕರಿಂದ ಪಾತ್ರ ಮಾಡಿಸಿದರು. ಮೊದಲು ಸೆನ್ಸಾರ್ ತಡೆದ ಆ ಚಿತ್ರವೇ ಮುಂದೆ ದೇಶದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. 2013ರಲ್ಲಿ ತೆರೆಕಂಡ ಪವನ್ ಕುಮಾರ್ ಅವರ ‘ಲೂಸಿಯಾ’ಕ್ಕೆ ನೂರಕ್ಕೂ ಹೆಚ್ಚು ಪ್ರೇಕ್ಷಕರೇ ದುಡ್ಡು ಹಾಕಿದ್ದರು. ರಾಮ್ ರೆಡ್ಡಿ ಅವರು ಮಂಡ್ಯ ಸೀಮೆಯ ಹಳ್ಳಿಗರನ್ನೇ ಕಲಾವಿದರನ್ನಾಗಿಸಿದ ‘ತಿಥಿ’ 2015ರಲ್ಲಿ ಸ್ವಿಟ್ಜರ್‌ಲೆಂಡಿನ ಲೊಕಾರ್ನೊದಲ್ಲಿ ಎರಡು ಪ್ರಶಸ್ತಿ ಗೆದ್ದಿತು. ನಟೇಶ್ ಹೆಗಡೆ ಅವರ ‘ಪೆದ್ರೊ’ದ ಮುಖ್ಯ ಪಾತ್ರ ಮಾಡಿದವರು ಅವರ ತಂದೆ ಗೋಪಾಲ ಹೆಗಡೆ. ‘ಪೆದ್ರೊ’, ‘ಶಿವಮ್ಮ’ ಎರಡಕ್ಕೂ ನಿರ್ಮಾಪಕರು ರಿಷಬ್ ಶೆಟ್ಟಿ. ದೊಡ್ಡ ಪರದೆಯಲ್ಲಿ ಗಳಿಸಿದ ಹೆಸರು ಇಂಥ ಚಿಕ್ಕ ಚಿತ್ರಗಳ ಬೆನ್ನಿಗೆ ನಿಂತದ್ದು ನನಗೆ ಸಮಾಧಾನ ಕೊಡುವ ಸಂಗತಿ.

‘ಶಿವಮ್ಮ’ 2022ರಲ್ಲೇ ದಕ್ಷಿಣ ಕೊರಿಯಾದ ಬುಸಾನ್ ಚಿತ್ರೋತ್ಸವದಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ಗೆದ್ದಿತ್ತು. ಏಷ್ಯಾದ ಹೊಸ ನಿರ್ದೇಶಕರ ಮೊದಲ ಅಥವಾ ಎರಡನೆಯ ಚಿತ್ರಕ್ಕೆ ಕೊಡುತ್ತಿದ್ದ ಪ್ರಶಸ್ತಿ ಅದು. ಕೊಪ್ಪಳದ ಮಾತು ಮೊದಲು ಕೊರಿಯಾಕ್ಕೆ ಹೋಗಿ, ಸುಮಾರು ಒಂದೂಮುಕ್ಕಾಲು ವರ್ಷದ ಮೇಲೆ ನಮ್ಮ ಚಿತ್ರಮಂದಿರಗಳಿಗೆ ಬಂತು. ನಟ ಪುನೀತ್ ರಾಜ್‌ಕುಮಾರ್, ನಮ್ಮೆಲ್ಲರ ಅಪ್ಪು, ಅವರ ಪ್ರತಿಮೆ ನಿಲ್ಲಿಸಿದ ಊರು ಹೊಸಪೇಟೆ. ಸಿನಿಮಾದ ಮೇಲಿನ ಪ್ರೀತಿಗೆ ಇಲ್ಲಿ ಬರವಿಲ್ಲ. ಆ ಪ್ರೀತಿಯಲ್ಲಿ ಒಂದು ಪಾಲು ಇಂಥ ಚಿತ್ರಗಳಿಗೂ ಸಿಗಲಿ ಎಂಬುದು ನನ್ನ ಆಸೆ. ತಿಂಗಳಿಗೊಂದು ಆಟವಾದರೂ ಸಾಕು.

ಸಿನಿಮಾ ನೋಡಿದ ಮೇಲೆ ರಾತ್ರಿ ಬೆಂಗಳೂರಿನಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಳಿಗ್ಗೆ ಹೊಸಪೇಟೆಗೆ ಬಂದಿಳಿದೆ. ನಾನು ಪಾಠ ಹೇಳುವ ಶಾಲೆ ಇರುವುದು ಸಂಡೂರಿನ ಕಡೆ, ಅದಿರಿನ ಕೆಂಧೂಳಿ ಗೋಡೆಗೂ ಗಿಡಕ್ಕೂ ಹತ್ತಿದ ಊರಿನಲ್ಲಿ. ರಾಜ್ಯದಲ್ಲಿ ಬಿಸಿಯೂಟದ ಅಕ್ಷರ ದಾಸೋಹ ಯೋಜನೆ 2002ರಲ್ಲಿ ಮೊದಲು ಶುರುವಾದ ಏಳು ಜಿಲ್ಲೆಗಳಲ್ಲಿ ನಮ್ಮ ಬಳ್ಳಾರಿಯೂ ಒಂದು. ನಮ್ಮ ಶಾಲೆಯ ಅಡುಗೆಯಕ್ಕ ಬಹಳ ವರ್ಷಗಳಿಂದ ಇದ್ದಾಳೆ. ನಾನು ಶಾಲೆಗೆ ಹೋದಾಗ ಆಕೆ ಬೇಳೆ ಆರಿಸುತ್ತಿದ್ದಳು. ನಾನು ಸಿನಿಮಾದ ಸುದ್ದಿ ತೆಗೆದೆ.

‘ಹಾಡು ಅದಾವೇನ್ರಿ ಟೀಚರ್ರೇ?’

‘ಇಲ್ಲಕ್ಕ.’

‘ಫೈಟಿಂಗು?’

‘ಅದೂ ಇಲ್ಲ.’

‘ಮತ್ತೇನೈತ್ರಿ ಅದರಾಗ?’

‘ನಿನ್ನಂಗ ಬಿಸಿಯೂಟ ಮಾಡಾಕಿ ಒಬ್ಬಾಕಿ ಅದಾಳ.’

ಆಕೆ ನಕ್ಕಳು. ನಾನು ಕಥೆ ಹೇಳುತ್ತ ಹೋದೆ. ಚೈನ್ ವ್ಯವಹಾರದ ಮಾತು ಬರುತ್ತಲೇ ಆಕೆಯ ಬೆರಳು ಮೊರದ ಮೇಲೆ ನಿಂತವು.

‘ಆ ರೊಕ್ಕ ಆಕಿಗೆ ತಿರುಗಿ ಬಂತೇನ್ರಿ?’

ನಾನು ಉತ್ತರ ಹೇಳುವಷ್ಟರಲ್ಲಿ ಆಕೆಯೇ ದನಿ ತಗ್ಗಿಸಿ ಅಂದಳು: ‘ನಾನೂ ಮೂರು ಸಾವಿರ ಹಾಕಿದ್ದೆನ್ರಿ. ಮನ್ಯಾಗ ಯಾರಿಗೂ ಹೇಳಿಲ್ಲ.’

ಇಷ್ಟು ವರ್ಷ ಒಂದೇ ಶಾಲೆಯಲ್ಲಿದ್ದರೂ ನನಗೆ ಇದು ತಿಳಿದಿರಲಿಲ್ಲ, ನಾನು ಕೇಳಿಯೂ ಇರಲಿಲ್ಲ. ಒಲೆಯ ಮೇಲೆ ಎಸರು ಕುದಿಯುತ್ತಿತ್ತು. ಮುಂದಿನ ತರಗತಿಗೆ ಇನ್ನೂ ಹೊತ್ತಿತ್ತು. ನಾನು ಮಣೆ ಎಳೆದುಕೊಂಡು ಆಕೆಯ ಎದುರು ಕುಳಿತೆ.