ಬೇಟೆಗಾರನ ಕೈಯಂತ್ರ

ಅಮೆರಿಕದ ಕೊಲರಾಡೊ ಪರ್ವತಗಳಲ್ಲಿ ಎಲ್ಕ್ ಎಂಬ ಹೆಜ್ಜಿಂಕೆಯ ಬೇಟೆಗೆ ಹೊರಟವನು, ಹಿಮ ಸುರಿಯುವ ಸಂಜೆ ಬಿಡಾರಕ್ಕೆ ಮರಳಲು ಎಂತಹ ಜಿ.ಪಿ.ಎಸ್. ಯಂತ್ರವನ್ನು ಕೊಳ್ಳಬೇಕು? ಪರದೆಯ ಬಣ್ಣಕ್ಕೆ ಮರುಳಾಗುವುದನ್ನು ನಾವು ಒಪ್ಪಲಾರೆವು.

ಸುಮಾರು 20,200 ಕಿಲೋಮೀಟರು ಎತ್ತರದ ಉಪಗ್ರಹಗಳಿಂದ ರೇಡಿಯೋ ಅಲೆಗಳು ಬಂದು ಮುಟ್ಟಲು ಹಿಡಿದ ಕಾಲದಿಂದ ಯಂತ್ರವು ದೂರವನ್ನು ಗಣಿಸುತ್ತದೆ. ಆ ಕಾಲದಲ್ಲಿ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ತಪ್ಪಿದರೆ ದೂರದಲ್ಲಿ 300 ಮೀಟರು ತಪ್ಪುವುದು! ಕಣಿವೆಯ ಬಂಡೆಗಳಿಗೆ ತಾಗಿ ಬಳಸಿ ಬರುವ ಅಲೆಗಳು ತಡವಾಗಿ ಮುಟ್ಟುವುದರಿಂದಲೂ ಇದೇ ಜಾತಿಯ, ಆದರೆ ಇದಕ್ಕಿಂತ ಕಿರಿದಾದ, ದೋಷವುಂಟಾಗುತ್ತದೆ. ಎಲ್1, ಎಲ್5 ಎಂಬ ಎರಡು ಆವರ್ತಾಂಕಗಳನ್ನೂ ಗ್ರಹಿಸುವ ಯಂತ್ರ ಇಂತಹ ಕಡೆ ಮೇಲು.

ಚಳಿಯಲ್ಲಿ ಆಲ್ಕಲೈನ್ ಬ್ಯಾಟರಿ ಬೇಗ ಸೊರಗುತ್ತದೆ; ಲಿಥಿಯಂ ಬ್ಯಾಟರಿ ತಾಳುತ್ತದೆ. ಕೈಗವುಸು ತೊಟ್ಟವನಿಗೆ ಒತ್ತುವ ಗುಂಡಿಗಳೇ ಅನುಕೂಲ. ಬ್ಯಾಟರಿ ಬೇಡದ ಕಾಂತ ದಿಕ್ಸೂಚಿಯೂ ಕಾಗದದ ನಕ್ಷೆಯೂ ಚೀಲದಲ್ಲಿ ಇದ್ದೇ ಇರಲಿ.