ಕಾಯುತ್ತಾ ಕೂತ ಪ್ರೊಸೆಸರ್

ಮನೆಯ ಕಂಪ್ಯೂಟರ್ ನಿಧಾನವಾಯಿತೆಂದರೆ ನಮ್ಮ ಕಣ್ಣು ಮೊದಲು ಹೋಗುವುದು ಪ್ರೊಸೆಸರ್ ಮೇಲೆ. ಪುಣೆಯ ಬುಧವಾರ ಪೇಠೆಯ ಅಂಗಡಿಗೆ ಹೋಗಲಿ, ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗೆ ಹೋಗಲಿ, ಗಿರಾಕಿ ಕೇಳುವುದು ಐ5 ಸಾಕೋ ಐ7 ಬೇಕೋ ಎಂದು. ಹಣ ಬಿಚ್ಚುವ ಮೊದಲು ಕೇಳಬೇಕಾದ ಪ್ರಶ್ನೆಯೇ ಬೇರೆ: ಈ ಪ್ರೊಸೆಸರ್ ದುಡಿದು ದಣಿದಿದೆಯೋ, ಇಲ್ಲಾ ಯಾವುದಕ್ಕಾದರೂ ಕಾಯುತ್ತಾ ಕೂತಿದೆಯೋ? ಹಳೆಯ ಯಂತ್ರದೊಳಗಿನ ಹಾರ್ಡ್ ಡಿಸ್ಕ್ ನೋಡಿ. ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆಗೆ ಒಂದು ಸುತ್ತಿಗೆ ಹಿಡಿಯುವುದು ಸುಮಾರು 8.3 ಮಿಲಿಸೆಕೆಂಡ್. ಬೇಕಾದ ಮಾಹಿತಿ ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಬೇಕು. ಆ ಅರ್ಧ ಸುತ್ತಿನೊಳಗೆ 3 ಗಿಗಾಹರ್ಟ್ಸ್ ಪ್ರೊಸೆಸರ್‌ನ ಗಡಿಯಾರ 1.25 ಕೋಟಿ ಸಲ ಮಿಡಿದಿರುತ್ತದೆ! ಎರಡು ಪಟ್ಟು ವೇಗದ ಪ್ರೊಸೆಸರ್ ಹಾಕಿದರೆ? ಅದೇ ಅರ್ಧ ಸುತ್ತಿಗೆ 2.5 ಕೋಟಿ ಮಿಡಿತ ಕಾಯುತ್ತದೆ, ಅಷ್ಟೇ. ತಿರುಗುವ ತಟ್ಟೆಯೇ ಇಲ್ಲದ ಎಸ್‌ಎಸ್‌ಡಿ ಹಾಕಿದರೆ ಈ ಕಾಯುವಿಕೆ ಹತ್ತಾರು ಪಟ್ಟು ಇಳಿಯುತ್ತದೆ.

ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್ 1967ರಲ್ಲಿ ಮುಂದಿಟ್ಟ ವಾದದ ತಿರುಳು ಇದೇ. ಹತ್ತು ಸೆಕೆಂಡಿನ ಕೆಲಸದಲ್ಲಿ ಲೆಕ್ಕಾಚಾರದ ಪಾಲು ಎರಡೇ ಸೆಕೆಂಡ್ ಇದ್ದರೆ, ಪ್ರೊಸೆಸರ್ ವೇಗ ಇಮ್ಮಡಿಯಾದರೂ ಉಳಿತಾಯವಾಗುವುದು ಒಂದೇ ಸೆಕೆಂಡ್. ಜಗತ್ತಿನ ಅತಿ ವೇಗದ ಪ್ರೊಸೆಸರ್ ತಂದರೂ ಎಂಟು ಸೆಕೆಂಡಿಗಿಂತ ಕೆಳಗೆ ಇಳಿಯಲಾಗದು. ಹೊಸ ಕಂಪ್ಯೂಟರ್ ಕೊಂಡವರಿಗೆ ವ್ಯತ್ಯಾಸ ಕಂಡೇ ಕಾಣುತ್ತದಲ್ಲ ಎನ್ನಬಹುದು. ಕಾಣುತ್ತದೆ, ನಿಜ. ಆದರೆ ಹೊಸ ಯಂತ್ರದ ಜೊತೆಗೇ ಎಸ್‌ಎಸ್‌ಡಿ, ಹೆಚ್ಚಿನ ರ‍್ಯಾಮ್, ಕಸ ತುಂಬಿರದ ವಿಂಡೋಸ್ ಎಲ್ಲವೂ ಬಂದಿರುತ್ತವೆ. ಹೊಗಳಿಕೆ ಮಾತ್ರ ಪ್ರೊಸೆಸರ್‌ಗೆ ಸಲ್ಲುತ್ತದೆ.

ಪ್ರೊಸೆಸರ್ ವೇಗದಿಂದ ಲಾಭ ಇಷ್ಟೇ ಆದರೆ, ಪುಣೆಯ ಪಾಷಾಣ್‌ನಲ್ಲಿರುವ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆ 2018ರ 4 ಪೆಟಾಫ್ಲಾಪ್ ವೇಗದ ‘ಪ್ರತ್ಯೂಷ್’ ಸೂಪರ್‌ಕಂಪ್ಯೂಟರ್ ಇದ್ದೂ 2024ರಲ್ಲಿ 11.77 ಪೆಟಾಫ್ಲಾಪ್ ವೇಗದ ‘ಅರ್ಕ’ ತಂದದ್ದೇಕೆ? ಅಲ್ಲಿ ಲೆಕ್ಕಾಚಾರವೇ ಕೆಲಸ. ಮುನ್ಸೂಚನೆಯ ಚೌಕಗಳನ್ನು 12 ಕಿ.ಮೀ.ಯಿಂದ 6 ಕಿ.ಮೀ.ಗೆ ಇಳಿಸಿದರೆ ಚೌಕಗಳು ನಾಲ್ಕು ಪಟ್ಟಾಗುತ್ತವೆ. ಚೌಕ ಕಿರಿದಾದಷ್ಟೂ ಕಾಲದ ಹೆಜ್ಜೆಯನ್ನೂ ಕಿರಿದು ಮಾಡಬೇಕಾಗುವುದರಿಂದ ಲೆಕ್ಕ ಸುಮಾರು ಎಂಟು ಪಟ್ಟಾಗುತ್ತದೆ. ಅಂಥ ಹಸಿವು ಮನೆಯಲ್ಲೂ ಇರಬಹುದು: ವಿಡಿಯೋ ಎಡಿಟ್ ಮಾಡುವವರಿಗೆ, ದೊಡ್ಡ ಪ್ರೋಗ್ರಾಂ ಕಂಪೈಲ್ ಮಾಡುವವರಿಗೆ ವೇಗದ ಪ್ರೊಸೆಸರ್ ನಿಜವಾಗಿಯೂ ಸಮಯ ಉಳಿಸುತ್ತದೆ. ನಿಮ್ಮ ಕೆಲಸ ಯಾವ ಬಗೆಯದೆಂದು ತಿಳಿಯಲು ಅಂಗಡಿಯವರನ್ನು ಕೇಳಬೇಕಿಲ್ಲ. ಯಂತ್ರ ತಡವರಿಸುತ್ತಿರುವಾಗಲೇ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ. ಸಿಪಿಯು, ಅಂದರೆ ಪ್ರೊಸೆಸರ್, ಶೇ. 15ರಲ್ಲಿದ್ದು ಡಿಸ್ಕ್ ಶೇ. 100ಕ್ಕೆ ಏರಿದ್ದರೆ ಎಸ್‌ಎಸ್‌ಡಿ ಹಾಕಿಸಿ; ಮೆಮೊರಿ ತುಂಬಿ ತುಳುಕುತ್ತಿದ್ದರೆ ರ‍್ಯಾಮ್ ಕೊಳ್ಳಿ; ಸಿಪಿಯು ಒಂದೇ ಸಮನೆ ಶೇ. 100ರಲ್ಲಿ ನಿಂತಿದ್ದು, ಅದನ್ನು ನುಂಗುತ್ತಿರುವುದು ನಿಮಗೆ ಬೇಕಾದ ಕೆಲಸವೇ ಆಗಿದ್ದರೆ ಮಾತ್ರ ಐ7ರ ಬೆಲೆ ವಿಚಾರಿಸಿ.